ಅರ್ಧ ಮನೆ

ಮಧ್ಯಾಹ್ನ ಮೂರು ಗಂಟೆ ಹಾಡುವ ಹೊತ್ತಲ್ಲ. ಮದುವೆಮನೆಯಲ್ಲಿ ಬೆಳಗಿನಿಂದ ಊದಿ ಸುಸ್ತಾದ ಓಲಗದವರು ಕೂಡ ಆ ಹೊತ್ತಿಗೆ ಊಟ ಮುಗಿಸಿ ಜಮಖಾನದ ಮೇಲೆ ಒರಗಿರುತ್ತಾರೆ. ನಾನು ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಆ ಹೊತ್ತನ್ನು ಬಲವಂತವಾಗಿ ಕಣ್ಣು ಬಿಟ್ಟುಕೊಂಡು ಕಳೆದವನು. ನಿವೃತ್ತನಾದ ಮೇಲೆ ಬಾಕಿ ನಿದ್ದೆಯನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದೇನೆ. ಹಾಗಾಗಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ, ನಾವು ಹೋಗಿ ಉಳಿದಿದ್ದ ತನ್ನ ಮನೆಯಲ್ಲಿ ಮಗಳು, "ಅಪ್ಪಾ, ಭಾನುವಾರ ಮೂರು ಗಂಟೆಗೆ ಒಂದು ಕಛೇರಿ ಇದೆ, ನಾಲ್ಕು ಟಿಕೆಟ್ ತೊಗೊಂಡಿದೀನಿ" ಅಂದಾಗ, ಯಾರ ಹಾಡು ಅಂತ ನಾನು ಕೇಳಲಿಲ್ಲ. "ರಾತ್ರಿ ಮೂರಕ್ಕಾ?" ಅಂದೆ.

"ಮಧ್ಯಾಹ್ನ ಅಪ್ಪಾ. ಇಬ್ಬರು ವಯಸ್ಸಾದ ಹಾಡುಗಾರರು. ಅವರೇ ಬರೆದು, ಅವರೇ ಮಟ್ಟು ಹಾಕಿ, ಅವರೇ ಹಾಡೋದು."

"ವಾಗ್ಗೇಯಕಾರರು ಅನ್ನು" ಎಂದಳು ಒಳಗಿನಿಂದ ನಮ್ಮವಳು. ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು. ಆದರೂ ಕೊನೆಯ ಅಸ್ತ್ರವಾಗಿ, ಮಧ್ಯಾಹ್ನದ ಹೊತ್ತಿಗೂ ಸಂಗೀತಕ್ಕೂ ಎಲ್ಲಿಯ ಸಂಬಂಧ ಎಂದು ಗೊಣಗಿದೆ. "ಯಾಕ್ರೀ, ಭೀಮ್‌ಪಲಾಸ್ ಯಾವ ಹೊತ್ತಿಂದು? ಮುಲ್ತಾನಿ ಯಾವ ಹೊತ್ತಿಂದು?" ಎಂಬ ಪ್ರಶ್ನೆ ಬಂತು. ಎರಡನ್ನೂ ನಾನು ಕೇಳಿದ್ದು ರಾತ್ರಿ ಎಂಟರ ಮೇಲೆ, ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ. ಆದರೆ ನಲವತ್ತು ವರ್ಷದ ಸಂಸಾರದಲ್ಲಿ ಎಲ್ಲಿ ವಾದ ನಿಲ್ಲಿಸಬೇಕು ಎಂಬುದೊಂದನ್ನು ಚೆನ್ನಾಗಿ ಕಲಿತಿದ್ದೇನೆ.

ಇಲ್ಲಿ ನಮ್ಮವಳ ಶ್ರುತಿಯ ವಿಷಯ ಹೇಳಿಬಿಡಬೇಕು. ಹಾರ್ಮೋನಿಯಂನ ಕೀಲಿಗಳಿಗೆ ನಮ್ಮಲ್ಲಿ ಮನೆ ಅನ್ನುವ ವಾಡಿಕೆ. ಐದನೆಯ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಹಾಡಿದರೆ ಐದು ಮನೆ ಶ್ರುತಿ, ಅದರ ಪಕ್ಕದ ಕರಿ ಮನೆಯಾದರೆ ಐದೂವರೆ. ನಮ್ಮವಳದು ಐದೂವರೆ. ತವರಿನಿಂದ ಬೆಳ್ಳಿ ಕುಂಕುಮದ ಬಟ್ಟಲಿನ ಜೊತೆ ತಂದದ್ದು. ಈಚೆಗೆ ಎರಡು ವರ್ಷದಿಂದ ದೇವರನಾಮದ ಕೊನೆಯ ಚರಣದಲ್ಲಿ ಮೇಲಿನ ಸ್ವರಗಳ ಹತ್ತಿರ ಹೋಗುವಾಗ ಅವಳ ದನಿ ಹಳೆಯ ಲಿಫ್ಟಿನ ಹಾಗೆ ಕೊಂಚ ನಡುಗಿ ನಿಲ್ಲುತ್ತದೆ. ಮಗಳು ಒಮ್ಮೆ ಫೋನಿನಲ್ಲಿ, "ಅಮ್ಮಾ, ಅರ್ಧ ಮನೆ ಇಳಿಸಿ ಹಾಡಬಾರದಾ?" ಅಂದಿದ್ದಕ್ಕೆ ಮೂರು ದಿನ ಫೋನೇ ಎತ್ತಲಿಲ್ಲ. ನಾಲ್ಕನೆಯ ದಿನ ನನಗೆ ಹೇಳಿದಳು: "ಬೇಕಾದ್ರೆ ಕುವೆಂಪುನಗರದ ಮನೆ ಮಾರೋಣ. ಈ ಮನೆ ಮಾತ್ರ ಇಳಿಸೋದಿಲ್ಲ."

ಭಾನುವಾರ ಅಳಿಯಂದಿರ ಕಾರಿನಲ್ಲಿ ಹೊರಟೆವು. ಕಾರ್ಕ್‌ನಿಂದ ನೈಋತ್ಯಕ್ಕೆ ಸುಮಾರು ಒಂದು ಗಂಟೆ ದಾರಿ, ಊರಿನ ಹೆಸರು ಕ್ಲಾನಕಿಲ್ಟಿ. ಮಳೆ ಬರುತ್ತಿತ್ತು ಅಂದರೆ ಅತಿಶಯೋಕ್ತಿ, ಇಲ್ಲ ಅಂದರೆ ಸುಳ್ಳು. ಜರಡಿ ಹಿಡಿದ ಹಿಟ್ಟಿನಂಥ ಸೋನೆ. ಇಂಥ ದಿನಕ್ಕೆ ಇಲ್ಲಿನವರು 'ಸಾಫ್ಟ್ ಡೇ' ಅನ್ನುತ್ತಾರಂತೆ, ಮೆತ್ತನೆಯ ದಿನ. ಮೆತ್ತನೆಯದು ದಿಂಬು ಕೂಡ ಎಂದುಕೊಂಡೆ, ಜೋರಾಗಿ ಹೇಳಲಿಲ್ಲ.

ಊರು ಚಿಕ್ಕದು, ಆದರೆ ಬಣ್ಣಕ್ಕೆ ಬರವಿಲ್ಲ. ಹಳದಿ, ನೀಲಿ, ಕೆಂಪು ಗೋಡೆಯ ಅಂಗಡಿಗಳು. ಬೋರ್ಡುಗಳನ್ನು ಪೇಂಟರ್ ಕೈಯಲ್ಲೇ ಬರೆಸಿದ್ದಾರೆ, ಅದರಲ್ಲೂ ಹಲವು ಐರಿಷ್ ಭಾಷೆಯಲ್ಲಿ. ನಾಮಫಲಕ ಕನ್ನಡದಲ್ಲಿರಲಿ ಎಂದು ನಾವು ಮೆರವಣಿಗೆ ಹೋಗುವವರಲ್ಲವೇ, ನಾನು ಕಾರಿನ ಗಾಜು ಇಳಿಸಿ ಒಂದು ನಮಸ್ಕಾರ ಹಾಕಿದೆ. ಈ ಊರಿಗೆ ಎರಡು ಕೀರ್ತಿ. ಒಂದು ಬ್ಲ್ಯಾಕ್ ಪುಡ್ಡಿಂಗು. 1880ರ ದಶಕದಿಂದ ಒಂದು ಕಸಾಯಿ ಅಂಗಡಿಯಲ್ಲಿ ಬಂದ ಪಾಕ. ಪುಡ್ಡಿಂಗ್ ಅಂದಕೂಡಲೇ ನನ್ನ ಮುಖ ಅರಳಿದ್ದನ್ನು ನೋಡಿ ಮಗಳು, "ಅಪ್ಪಾ, ಅದು ಮಾಂಸ, ರಕ್ತ, ಓಟ್ಸು, ಈರುಳ್ಳಿ" ಎಂದು ಒಂದೊಂದಾಗಿ ಹೇಳಿದಳು. ಮುಖ ಮುದುಡಿತು. ಇನ್ನೊಂದು ಕೀರ್ತಿ ಸಂಗೀತದ್ದು. ಜಿಮಿ ಹೆಂಡ್ರಿಕ್ಸ್ ಜೊತೆ ಬೇಸ್ ಗಿಟಾರ್ ನುಡಿಸಿ ಲೋಕ ಸುತ್ತಿದ ನೋಯೆಲ್ ರೆಡಿಂಗ್ ಈ ಊರಿನ ಹತ್ತಿರ ಬಂದು ನೆಲೆಸಿ, ಇಲ್ಲಿಯ ಡಿ ಬಾರಾ ಎಂಬ ಪಬ್ಬಿನಲ್ಲಿ ವರ್ಷಗಟ್ಟಲೆ ವಾರಕ್ಕೊಮ್ಮೆ ನುಡಿಸುತ್ತಿದ್ದರಂತೆ. 2003ರಲ್ಲಿ ತೀರಿಕೊಂಡರು. ದೊಡ್ಡ ಮೈದಾನಗಳನ್ನು ಕಂಡವರಿಗೆ ಕೊನೆಗೆ ಒಂದು ಮೂಲೆ ಸಾಕಾಯಿತು.

ನಮ್ಮ ಕಛೇರಿಯೂ ಪಬ್ಬಿನಲ್ಲೇ ಅಂತ ತಿಳಿದದ್ದು ಬಾಗಿಲಿಗೆ ಬಂದ ಮೇಲೆ. ನಮ್ಮವಳು ಸೆರಗು ಸರಿಮಾಡಿಕೊಂಡು, ದೇವಸ್ಥಾನಕ್ಕೆ ಹೋಗುವಾಗಿನ ಮುಖ ಮಾಡಿಕೊಂಡು ಒಳಗೆ ಹೊಕ್ಕಳು. ಒಳಗಿದ್ದದ್ದು ಕುಡುಕರ ಗಲಾಟೆಯಲ್ಲ, ಒದ್ದೆ ಕೋಟಿನ ವಾಸನೆ. ಬಾರು ದಾಟಿದರೆ ಹಿಂದೆ ಒಂದು ಉದ್ದನೆಯ ಕೋಣೆ, ಅರವತ್ತು ಕುರ್ಚಿ, ತಗ್ಗಾದ ಒಂದು ವೇದಿಕೆ. ಕೂತವರನ್ನು ನೋಡಿ ಸಮಾಧಾನವಾಯಿತು. ಮಗಳು ಅಳಿಯನನ್ನು ಬಿಟ್ಟರೆ ಅಲ್ಲಿ ನಾನೇ ಚಿಕ್ಕವನು. ಅರ್ಧಕ್ಕರ್ಧ ಜನರ ಕಿವಿಯಲ್ಲಿ ಯಂತ್ರ. ಅಳಿಯಂದಿರು ನನ್ನ ಮುಖ ಒಮ್ಮೆ, ಬಾರಿನಲ್ಲಿ ನಿಧಾನವಾಗಿ ತುಂಬುತ್ತಿದ್ದ ಕಪ್ಪು ಬಿಯರಿನ ಲೋಟ ಒಮ್ಮೆ ನೋಡಿ, ಕಿತ್ತಳೆ ರಸ ತರಿಸಿದರು. ಕಾರು ಓಡಿಸಬೇಕಲ್ಲ ಅಂದರು. ಹೌದು ಹೌದು ಅಂದೆ. ನಾನು ಟೀ ಕೇಳಿದೆ. ಯಾರೂ ಹುಬ್ಬೇರಿಸಲಿಲ್ಲ. ಡಿಕಾಕ್ಷನ್ನಿನಷ್ಟು ಗಟ್ಟಿಯಾದ ಟೀ ಬಂತು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜ. ಎಂಬತ್ತು ದಾಟಿದವರು, ಟ್ವೀಡ್ ಟೋಪಿ. ಈ ಹೊತ್ತಿಗೆ ಕಾರ್ಯಕ್ರಮ ಇಡುವುದು ಇಲ್ಲಿ ಮೊದಲಿಂದ ಇದೆಯೇ ಎಂದು ಕೇಳಿದೆ. ಅವರು ನಕ್ಕರು. ಅವರ ಕಾಲದಲ್ಲಿ ಭಾನುವಾರ ಎರಡರಿಂದ ನಾಲ್ಕರವರೆಗೆ ದೇಶದ ಪಬ್ಬುಗಳೆಲ್ಲ ಬಾಗಿಲು ಹಾಕಬೇಕಿತ್ತಂತೆ. ಡಬ್ಲಿನ್, ಕಾರ್ಕ್‌ನಂಥ ನಗರಗಳಲ್ಲಿ ವಾರದ ದಿನಗಳಲ್ಲೂ ಎರಡೂವರೆಯಿಂದ ಮೂರೂವರೆ. ಅದಕ್ಕೆ 'ಹೋಲಿ ಅವರ್' ಎಂದು ಹೆಸರು, ಪವಿತ್ರ ಗಳಿಗೆ. ವಾರದ ದಿನದ್ದು 1988ರಲ್ಲಿ ಹೋಯಿತು, ಭಾನುವಾರದ್ದು 2000ದಲ್ಲಿ. ಅಂದರೆ ಇದೇ ಹೊತ್ತಿನಲ್ಲಿ ನಾವು ಹಿಂದಿನ ಶತಮಾನದಲ್ಲಿ ಹೀಗೆ ಕೂತಿದ್ದರೆ ಪೊಲೀಸರು ಬರಬಹುದಿತ್ತು. ಮಧ್ಯಾಹ್ನದ ಪಾವಿತ್ರ್ಯವನ್ನು ಕಾನೂನು ಮಾಡಿ ಕಾಪಾಡಿದ ಸರ್ಕಾರದ ಮೇಲೆ ನನಗೆ ಗೌರವ ಹುಟ್ಟಿತು. ಒಳಗೆ ಸಿಕ್ಕಿಕೊಂಡವರು ಆ ಎರಡು ಗಂಟೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ಅಜ್ಜ ಗಂಭೀರವಾಗಿ, ಪ್ರಾರ್ಥನೆ ಎಂದರು.

ನಾನು ಬ್ಯಾಂಕಿನವನೆಂದು ತಿಳಿದ ಮೇಲಂತೂ ಅವರು ಕುರ್ಚಿಯನ್ನೇ ಹತ್ತಿರ ಎಳೆದುಕೊಂಡರು. 1970ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಮೇ ಒಂದರಿಂದ ನವೆಂಬರ್ ನಡುಭಾಗದವರೆಗೆ, ಆರು ತಿಂಗಳಿಗೂ ಮೇಲೆ, ಮುಷ್ಕರದಿಂದ ಮುಚ್ಚಿದ್ದವು. ದೇಶ ಮುಳುಗಲಿಲ್ಲ. ಜನ ಒಬ್ಬರಿಗೊಬ್ಬರು ಚೆಕ್ಕು ಬರೆದುಕೊಟ್ಟರು, ಅಂಗಡಿಯವರು, ಪಬ್ಬಿನವರು ಅದನ್ನು ಇಟ್ಟುಕೊಂಡು ನಗದು ಕೊಟ್ಟರು. ಯಾರ ಚೆಕ್ಕು ಒಳ್ಳೆಯದು, ಯಾರದು ಹಾರಿಹೋಗುತ್ತದೆ ಅಂತ ಪಬ್ಬಿನ ಯಜಮಾನನಿಗೆ ಗೊತ್ತಿರದೇ ಇರುತ್ತದೆಯೇ? ಆಸಾಮಿ ಎಂಥವನು ಅಂತ ತಿಳಿಯಲು ನಾವು ಏಳು ಫಾರಂ ತುಂಬಿಸಿ ಇಬ್ಬರ ಜಾಮೀನು ಹಾಕಿಸಿಕೊಳ್ಳುತ್ತಿದ್ದೆವು. ಅವನಿಗೆ ಲೋಟದ ತಳ ನೋಡಿದರೆ ತಿಳಿಯುತ್ತಿತ್ತು. ನನ್ನ ಮೂವತ್ತಾರು ವರ್ಷದ ಸೇವೆಯನ್ನು ಒಬ್ಬ ಬಾರಿನವನೂ ಮಾಡಬಹುದಿತ್ತು ಎಂಬ ಅರಿವು ಟೀ ಜೊತೆ ಮೆಲ್ಲಗೆ ಇಳಿಯಿತು.

ಅಷ್ಟರಲ್ಲಿ ಇಬ್ಬರು ಮುದುಕರು ನಾವು ಬಂದ ಬಾಗಿಲಿನಿಂದಲೇ ಬಂದು, "ಸ್ವಲ್ಪ ದಾರಿ ಬಿಡಿ" ಎನ್ನುತ್ತ ಕುರ್ಚಿಗಳ ನಡುವೆ ಪೆಟ್ಟಿಗೆ ಎತ್ತಿ ಹಿಡಿದುಕೊಂಡು ವೇದಿಕೆಗೆ ಹೋದರು. ವಾದ್ಯ ಇಟ್ಟವರು ಮತ್ತೆ ಕೆಳಗಿಳಿದು ತಮ್ಮ ಟೀ ತಾವೇ ತಂದುಕೊಂಡರು. ಅವರೇ ಇವತ್ತಿನ ವಿದ್ವಾಂಸರು ಅಂತ ತಿಳಿಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ಅವರ ಹೆಸರು ಬರೆಯುವುದಿಲ್ಲ. ಒಬ್ಬರು ಶ್ರುತಿ ಇಳಿಸಿದ್ದನ್ನು ಊರಿಗೆಲ್ಲ ಸಾರಬಾರದು ಎಂಬ ಶಿಸ್ತು ನಮ್ಮ ಮನೆಯಲ್ಲಿದೆ.

ಒಬ್ಬರ ಕೈಯಲ್ಲಿ ಗಿಟಾರು. ಅದರ ಮುಖದಲ್ಲಿ, ದುಂಡನೆಯ ತೂತಿನ ಕೆಳಗೆ, ಐವತ್ತು ವರ್ಷ ಉಗುರು ತಾಗಿ ತಾಗಿ ಮೆರುಗು ಹೋಗಿ, ಅಂಗೈಯಗಲ ಮರವೇ ಸವೆದು ಬೆಳ್ಳಗಾಗಿತ್ತು, ಹಳೆಯ ಮನೆಯ ಹೊಸ್ತಿಲಿನ ಹಾಗೆ. ಇನ್ನೊಬ್ಬರದು ಬುಜೂಕಿ. ಗ್ರೀಸ್ ದೇಶದ ವಾದ್ಯ. 1960ರ ದಶಕದಲ್ಲಿ ಜಾನಿ ಮಾಯ್ನಿಹನ್ ಎಂಬವರು ಐರ್ಲೆಂಡಿಗೆ ತಂದರು, ಇಲ್ಲಿಯವರು ಅದರ ತಂತಿ ಬದಲಿಸಿ, ದುಂಡು ಬೆನ್ನನ್ನು ಚಪ್ಪಟೆ ಮಾಡಿ ತಮ್ಮದಾಗಿಸಿಕೊಂಡರು. ನಾವು ಪಿಟೀಲನ್ನು ನೆಲಕ್ಕೆ ಕೂರಿಸಿ, ಅದರ ತಲೆ ಕಾಲಿನ ಮೇಲೆ ಇಟ್ಟುಕೊಂಡು ನಮ್ಮದು ಮಾಡಿಕೊಂಡ ಹಾಗೆ.

ಹತ್ತು ನಿಮಿಷ ಶ್ರುತಿ ಮಾಡಿಕೊಂಡರು. ಆಮೇಲೆ ಗಿಟಾರಿನವರು ಮಾತು ಶುರು ಮಾಡಿದರು. ಹಾಡು ನಾಲ್ಕು ನಿಮಿಷದ್ದು, ಅದು ಹುಟ್ಟಿದ ಕಥೆ ಹನ್ನೆರಡು ನಿಮಿಷದ್ದು. ಆ ಕಥೆಯೊಳಗೆ ಒಬ್ಬ ಸೋದರಮಾವ, ಅವನ ಕತ್ತೆ, ಕತ್ತೆಯನ್ನು ಕೊಂಡ ಪಾದ್ರಿ. ಹರಿಕಥೆ ಕೇಳಿ ಬೆಳೆದವನಿಗೆ ಇದು ಹೊಸದೇನಲ್ಲ. ದಾಸರು ದ್ರೌಪದಿಯ ಸೀರೆ ಹಿಡಿದು ಎಳೆಯುತ್ತಿದ್ದ ದುಶ್ಶಾಸನನನ್ನು ಅಲ್ಲೇ ನಿಲ್ಲಿಸಿ, ತಮ್ಮೂರಿನ ಶ್ಯಾನುಭೋಗರ ಉಪಕಥೆಗೆ ಹೊರಳಿ, ಅರ್ಧ ಗಂಟೆ ಬಿಟ್ಟು ವಾಪಸು ಬರುತ್ತಿದ್ದರು. ದುಶ್ಶಾಸನ ಪಾಪ, ಸೆರಗು ಹಿಡಿದುಕೊಂಡೇ ಇರುತ್ತಿದ್ದ. ಕಣ್ಣು ಎಳೆಯತೊಡಗಿತು.

ನನ್ನನ್ನು ಎಬ್ಬಿಸಿದ್ದು ಮೌನ. ಹಾಡು ಶುರುವಾದ ಗಳಿಗೆ ಇಡೀ ಕೋಣೆ ಉಸಿರು ಹಿಡಿದಿತ್ತು. ಬಾರಿನ ಕಡೆ ಯಾರೋ ಲೋಟ ಇಟ್ಟು ಮಾತಾಡಿದರು. ಮುಂದಿನ ಸಾಲಿನ ಒಬ್ಬ ಅಜ್ಜಿ ತಿರುಗಿ "ವಿಷ್ಟ್!" ಅಂದರು. ನಮ್ಮವಳು ನನ್ನ ಕಿವಿಯಲ್ಲಿ, "ಇಲ್ಲೂ ಉಶ್ ಅಂತಾರೆ ಕಣ್ರೀ" ಅಂದಳು. ಅವಳಿಗೂ ಒಂದು ವಿಷ್ಟ್ ಸಿಕ್ಕಿತು. ಹಾಡು ಮುಗಿದಾಗ ಚಪ್ಪಾಳೆಗೆ ಮುಂಚೆ ಪಕ್ಕದ ಅಜ್ಜ ಗಂಟಲಿನಲ್ಲೇ "ಮಾ ಹೂ" ಅಂದರು. ಹೂ ಯಾರಿಗೆ ಎಂದು ನಾನು ಸುತ್ತ ನೋಡಿದೆ. ಅದು ಐರಿಷ್ ಮಾತು, ಹಾಡುವವರಿಗೆ ಹೇಳುವುದು, ನಮ್ಮ ಭಲೇ ಇದ್ದ ಹಾಗೆ.

ಮೂರನೆಯದೋ ನಾಲ್ಕನೆಯದೋ ಹಾಡಿಗೆ ಮುಂಚೆ ಒಂದು ಸಣ್ಣ ಸಂಗತಿ ನಡೆಯಿತು. ಗಿಟಾರಿನ ಕುತ್ತಿಗೆಗೆ ಸಿಕ್ಕಿಸುವ ಒಂದು ಕ್ಲಿಪ್ಪಿದೆ, ಕೇಪೊ ಅನ್ನುತ್ತಾರೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ದೊಡ್ಡಣ್ಣ. ಅದನ್ನು ಒಂದು ಮೆಟ್ಟಿಲು ಮೇಲೆ ಹಾಕಿದರೆ ವಾದ್ಯದ ಶ್ರುತಿ ಅರ್ಧ ಮನೆ ಏರುತ್ತದೆ. ಗಿಟಾರಿನವರು ಮಾತಾಡುತ್ತಲೇ ಅದನ್ನು ಮೂರನೆಯ ಮೆಟ್ಟಿಲಿಗೆ ಹಾಕಿದರು. ಹಾಕಿ, ನೋಡಿ, ನಕ್ಕು, ತೆಗೆದು ಮೊದಲನೆಯ ಮೆಟ್ಟಿಲಿಗೆ ಇಳಿಸಿದರು. ಕೈಗೆ ಅಭ್ಯಾಸ, ಗಂಟಲಿಗೆ ಇಲ್ಲ ಎಂದರು. ಜನರೂ ನಕ್ಕರು, ತಮ್ಮ ಮಂಡಿ ಸವರಿಕೊಳ್ಳುತ್ತ ನಗುವ ನಗು. ಆ ಹಾಡನ್ನು ಅವರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬರೆದದ್ದಂತೆ, ಗಾರೆ ಕೆಲಸ ಹುಡುಕಿ ಲಂಡನ್ನಿಗೆ ಹೋಗುವ ಹಡಗಿನಲ್ಲಿ. ಈಗ ಅವರ ಮಗ ಆಸ್ಟ್ರೇಲಿಯದಲ್ಲಿದ್ದಾನೆ. ಒಂದು ಪದವನ್ನೂ ತಿದ್ದಿಲ್ಲ, ಕೇಪೊ ಇಳಿದಿದೆ ಅಷ್ಟೇ. ಆದರೆ ಆಗ ಅದು ಹಡಗಿನಲ್ಲಿ ನಿಂತವನ ಹಾಡಾಗಿತ್ತು, ಈಗ ದಡದಲ್ಲಿ ನಿಂತವನ ಹಾಡಾಗಿದೆ ಎಂದರು.

ಹಿಂದಿನ ವಾರವಷ್ಟೇ ಕಾರ್ಕ್ ಹತ್ತಿರದ ಕೋವ್ ಬಂದರು ನೋಡಿ ಬಂದಿದ್ದೆವು. ಸುಮಾರು ನೂರು ವರ್ಷಗಳ ಕಾಲದಲ್ಲಿ ಇಪ್ಪತ್ತೈದು ಲಕ್ಷ ಜನ ಅಲ್ಲಿಂದಲೇ ದೇಶ ಬಿಟ್ಟರಂತೆ. ಟೈಟಾನಿಕ್ 1912ರ ಏಪ್ರಿಲ್ 11ರಂದು ಕೊನೆಯದಾಗಿ ನಿಂತದ್ದೂ ಅಲ್ಲೇ. ಆಗ ನಾನು ಫೋಟೋ ತೆಗೆಯುವುದರಲ್ಲಿದ್ದೆ. ದಡ ಅಂದರೆ ಏನೆಂದು ಹೊಳೆದದ್ದು ಈಗ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಟಿಕೆಟ್ಟಿಲ್ಲದವರು ಒಳಗೆ ಹೋಗುವಂತಿಲ್ಲ. ಮಗಳ ಟ್ರಾಲಿ ಗಾಜಿನಾಚೆ ತಿರುಗಿ ಮರೆಯಾಗುವ ತನಕ ಕೈ ಬೀಸಿ, ಪಾರ್ಕಿಂಗ್ ಚೀಟಿ ಹುಡುಕುತ್ತ ವಾಪಸು ನಡೆದವರು ನಾವು. ಮುದುಕರ ದನಿ ಅತಿ ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ನಿಂತಿತು. ಇಪ್ಪತ್ತಮೂರರ ಗಂಟಲಿಗೆ ಆ ಸ್ವರ ಸಿಕ್ಕಿರಲಾರದು. ನಮ್ಮವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ವಿರಾಮದಲ್ಲಿ ಅಜ್ಜ ಇನ್ನೊಂದು ಬ್ಯಾಂಕಿನ ಕಥೆ ತೆಗೆದರು. ಈ ದೇಶ ತಲೆಯ ಮೇಲೆ ಹೊತ್ತು ಮೆರೆಸುವ ಹಾಡುಗಾರ ಕ್ರಿಸ್ಟಿ ಮೂರ್ ಮೊದಲು ಬ್ಯಾಂಕ್ ಗುಮಾಸ್ತರು. 1966ರಲ್ಲೂ ಒಂದು ಬ್ಯಾಂಕ್ ಮುಷ್ಕರ ಆಗಿತ್ತು. ಆಗ ಇಂಗ್ಲೆಂಡಿಗೆ ಹೋದ ಹುಡುಗ ಹಾಡುತ್ತ ಉಳಿದುಬಿಟ್ಟ, ಕೌಂಟರಿಗೆ ಮರಳಲಿಲ್ಲ. 1972ರ ಹೊತ್ತಿಗೆ ಪ್ಲಾಂಕ್ಸ್ಟಿ ಎಂಬ ತಂಡ ಕಟ್ಟಿ ಬುಜೂಕಿಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಒಬ್ಬರಾದರು. ಅವರು ಹಾಡಿ ಹೆಸರಾದ 'ರೈಡ್ ಆನ್' ಬರೆದ ಜಿಮ್ಮಿ ಮೆಕಾರ್ಥಿ ಕಾರ್ಕ್ ಕಡೆಯವರೇ, ಜಾಕಿ ಆಗಬೇಕೆಂದು ಕುದುರೆ ಲಾಯ ಸೇರಿದ್ದವರು. ನಾನೂ ಮುಷ್ಕರ ಮಾಡಿದ್ದೇನೆ. ಗೇಟಿನ ಮುಂದೆ ಘೋಷಣೆ ಕೂಗಿ, ಎರಡು ಗಂಟೆಗೆ ಮನೆಗೆ ಬಂದು ಮಲಗಿ, ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಹಾಜರು. ನಮ್ಮ ಪುರಂದರದಾಸರೂ ಮೊದಲು ಲೇವಾದೇವಿಯವರೇ ಅಲ್ಲವೇ, ನವಕೋಟಿ ನಾರಾಯಣ. ಒಂದು ಮೂಗುತಿ ಅವರ ಅಂಗಡಿ ಮುಚ್ಚಿಸಿತು. ನನ್ನ ಕೌಂಟರಿಗೆ ಮೂವತ್ತಾರು ವರ್ಷದಲ್ಲಿ ಎಷ್ಟೋ ಮೂಗುತಿ ಅಡವಿಗೆ ಬಂದವು. ಎಲ್ಲಕ್ಕೂ ರಸೀದಿ ಕೊಟ್ಟು ಕಳಿಸಿದೆ.

ಆಮೇಲೆ ರಾಫಲ್ ಡ್ರಾ. ಊರಿನ ಒಳ್ಳೆಯ ಕೆಲಸಕ್ಕೆಂದು ಮಗಳು ಕೊಂಡ ಚೀಟಿಗಳಲ್ಲಿ ಒಂದು ನನ್ನ ಕೈಯಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ನಂಬರು ಕೂಗಿದರು. ಅರವತ್ತು ಜನರ ಚಪ್ಪಾಳೆಯ ನಡುವೆ ಎದ್ದುಹೋಗಿ ಬಹುಮಾನ ಇಸಕೊಂಡೆ. ಬುಟ್ಟಿಯ ತುಂಬ ಬ್ಲ್ಯಾಕ್ ಪುಡ್ಡಿಂಗು. ಎರಡೂ ಕೈಯಲ್ಲಿ ದೂರ ಹಿಡಿದು, ಹೆರಿಗೆ ಆಸ್ಪತ್ರೆಯಲ್ಲಿ ಬೇರೆಯವರ ಮಗು ಎತ್ತಿಕೊಂಡವನ ಹಾಗೆ ನಡೆದುಬಂದು ಅಜ್ಜನ ಮಡಿಲಿಗೆ ಒಪ್ಪಿಸಿದೆ. ಅವರ ಕಣ್ಣು ತೇವವಾಯಿತು. ಈ ಋಣ ತೀರಿಸಬೇಕು ಎಂಬ ಹಟ ಆ ಮುಖದಲ್ಲಿ ಕಂಡಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಕಾರ್ಯಕ್ರಮದ ಕೊನೆಗೆ ಇಲ್ಲಿ ಒಂದು ಪದ್ಧತಿಯಿದೆ, 'ನೋಬಲ್ ಕಾಲ್' ಎಂದು. ಹಾಡಿ ಮುಗಿಸಿದವರಿಗೆ ಸಭೆಯಲ್ಲಿ ಇನ್ನೊಬ್ಬರನ್ನು ಹಾಡಲು ಕರೆಯುವ ಹಕ್ಕು. ಕರೆ ಬಂದರೆ ಇಲ್ಲ ಅನ್ನುವಂತಿಲ್ಲ. ಗಿಟಾರಿನವರು ಯಾರನ್ನು ಕರೆಯಲಿ ಎಂದು ಕಣ್ಣಾಡಿಸುವಾಗ ಅಜ್ಜ ಪುಡ್ಡಿಂಗ್ ಬುಟ್ಟಿಯ ಸಮೇತ ಎದ್ದು ನಿಂತು, ಈ ಸೀರೆಯ ಅಮ್ಮನವರು ಮಧ್ಯಾಹ್ನವೆಲ್ಲ ನಿಮ್ಮ ಜೊತೆ ಗುನುಗುತ್ತಿದ್ದರು, ಅವರ ಶ್ರುತಿ ನಿಮ್ಮದಕ್ಕಿಂತ ಚೆನ್ನಾಗಿದೆ ಎಂದು ಸಾರಿದರು. ಅರವತ್ತು ತಲೆ ನಮ್ಮ ಕಡೆ ತಿರುಗಿದವು.

ನಮ್ಮವಳು ಒಲ್ಲೆ ಅನ್ನುತ್ತಾಳೆಂದು ನಾನು ಎಣಿಸಿದ್ದೆ. ಅವಳು ಎದ್ದು, "ಶ್ರುತಿ ಬೇಕಲ್ಲ" ಅಂದಳು. ಮಗಳು ತರ್ಜುಮೆ ಮಾಡಿದಳು: ಐದೂವರೆ, ಅಂದರೆ ಜಿ ಶಾರ್ಪ್. ಬುಜೂಕಿಯವರು ಮುಖ ಹುಳ್ಳಗೆ ಮಾಡಿ ಕೈಕಟ್ಟಿ ಕೂತರು, ಅವರ ತಂತಿಗೆ ಅದು ಒಗ್ಗುವುದಿಲ್ಲವಂತೆ. ಗಿಟಾರಿನವರು ಒಂದನೆಯ ಮೆಟ್ಟಿಲಿಗೆ ಕೇಪೊ ಹಾಕಿ ಮೆಲ್ಲಗೆ ಮೀಟಿದರು. ನಮ್ಮವಳು ಕಣ್ಣು ಮುಚ್ಚಿ ದೇವರನಾಮ ಎತ್ತಿಕೊಂಡಳು. ಪಲ್ಲವಿ ಆಯಿತು. ಅನುಪಲ್ಲವಿ ಆಯಿತು. ಚರಣದಲ್ಲಿ ದನಿ ಮೇಲೇರಿತು, ನಡುಗಿತು, ನಿಂತಿತು.

ಯಾರೂ ಕೆಮ್ಮಲಿಲ್ಲ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಕಣ್ಣು ತೆರೆದ ನಮ್ಮವಳು ಆ ಸವೆದ ಗಿಟಾರನ್ನೂ ಅದರ ಕುತ್ತಿಗೆಯ ಕ್ಲಿಪ್ಪನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಅಚ್ಚ ಕನ್ನಡದಲ್ಲಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು: "ಅರ್ಧ ಮನೆ ಇಳಿಸಿ."

ಮಗಳು ತರ್ಜುಮೆಗೆ ಬಾಯಿ ತೆರೆಯುವ ಮುಂಚೆಯೇ ಟಕ್ ಎಂದು ಕೇಪೊ ಬಿಚ್ಚಿತು. ಈಗ ಬುಜೂಕಿಯವರೂ ಮುಂದೆ ಬಾಗಿದರು. ಐದು ಮನೆಯ ಷಡ್ಜ ಪಂಚಮ ಅವರ ಬಿಟ್ಟ ತಂತಿಯಲ್ಲೇ ಇತ್ತು, ತಂಬೂರಿಯ ಹಾಗೆ ಮೊರೆಯತೊಡಗಿತು. ನಮ್ಮವಳು ಮೊದಲಿನಿಂದ ಶುರು ಮಾಡಿದಳು. ಮೇಲಿನ ಸ್ವರ ಮುಟ್ಟಿ, ಅಲ್ಲಿ ಎರಡು ಕ್ಷಣ ಆರಾಮವಾಗಿ ನಿಂತು, ಇಳಿದು ಬರುವಾಗ ಮಂದ್ರದಲ್ಲಿ ನಾನು ನಲವತ್ತು ವರ್ಷದಲ್ಲಿ ಕೇಳಿರದ ಒಂದು ಸ್ವರ ಹಿಡಿದಳು. ಮುಗಿಸಿದಾಗ ಚಪ್ಪಾಳೆಗೆ ಮುಂಚೆ ಯಾರೋ ಗಟ್ಟಿಯಾಗಿ "ಮಾ ಹೂ" ಅಂದರು. ಅದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ವಾಪಸು ಬರುವಾಗ ಕಾರಿನಲ್ಲಿ ಬಹಳ ದೂರ ಯಾರೂ ಮಾತಾಡಲಿಲ್ಲ. ಸೋನೆ ಹಿಡಿದೇ ಇತ್ತು. ಕೊನೆಗೆ ನಮ್ಮವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ನಲವತ್ತು ವರ್ಷದಿಂದ ಹಾಡ್ತಿದೀನಿ. ಒಂದು ಸಲ ಭಲೇ ಅನ್ನೋಕೆ ನಿಮಗೆ ಐರಿಷ್ ಬೇಕಾಯ್ತಾ?"

ನಾನು ಕಣ್ಣು ಮುಚ್ಚಿಕೊಂಡೆ. ಮಧ್ಯಾಹ್ನದ್ದು ಬಾಕಿ ಇತ್ತಲ್ಲ.